ಬಂದವರ ಪಾಲು

ಬಾಳ್ಳುಪೇಟೆ
10 ಮಾರ್ಚ್ 2008

ಗಂಗಾಮಣಿಯವರಿಗೆ ಕಲ್ಯಾಣಮ್ಮನ ಶರಣು.

ಆಸ್ಪತ್ರೆಯಲ್ಲಿ ನಿಮ್ಮ ಪಕ್ಕದ ಹಾಸಿಗೆಯಲ್ಲಿದ್ದವಳು, ನಿಮ್ಮ ಮಾತಿಗೆ ನಕ್ಕು ನಕ್ಕು ಹೊಲಿಗೆ ನೋಯಿಸಿಕೊಂಡವಳು ಎಂದರೆ ನೆನಪಾಗಬಹುದು. ಊರಿಗೆ ಬಂದು ತಿಂಗಳಾಯಿತು. ನೀವು ವಿಳಾಸ ಬರೆದುಕೊಟ್ಟ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ. ನಿಮ್ಮ ಮಾರನಹಳ್ಳಿಗೂ ನಮಗೂ ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಫೋನು ಮಾಡಬಾರದಿತ್ತೇ ಎಂದು ಕೇಳುತ್ತೀರೇನೋ. ನಮ್ಮ ಫೋನು ಇರುವುದು ಅಂಗಡಿಗೂ ನಡುಮನೆಗೂ ಮಧ್ಯದ ಗೂಡಿನಲ್ಲಿ. ಅಲ್ಲಿ ನಿಂತು ಮಾತಾಡಿದರೆ ಈ ಕಡೆ ಅತ್ತೆಗೂ ಕೇಳಿಸುತ್ತದೆ, ಆ ಕಡೆ ಮೆಣಸು ಮಾರಲು ಬಂದವರಿಗೂ ಕೇಳಿಸುತ್ತದೆ. ನಾವಿಬ್ಬರೂ ಮಾಡಿಸಿಕೊಂಡ ಆಪರೇಷನ್ನಿನ ಹೆಸರನ್ನು ಅಲ್ಲಿ ಎತ್ತುವ ಹಾಗಿಲ್ಲ.

ಸಕ್ಕರೆ ಕಾಯಿಲೆಗೆ ನನ್ನ ಎಡಗಾಲಿನ ಎರಡು ಬೆರಳು ಹೋಗಿರುವುದನ್ನು ನೀವೇ ನೋಡಿದ್ದೀರಿ. ಮೈ ಇಳಿಯದಿದ್ದರೆ ಮುಂದೆ ಪಾದವೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ ನನ್ನ ಮಗ ಮೃತ್ಯುಂಜಯ ಹಟ ಹಿಡಿದು ಬೆಂಗಳೂರಿಗೆ ಕರೆದೊಯ್ದ. ಆದರೆ ಅವನ ಅಪ್ಪ ಊರಿಗೆಲ್ಲ, ತಮ್ಮ ಹೆತ್ತ ತಾಯಿಗೂ, ಪಿತ್ತಕೋಶದಲ್ಲಿ ಕಲ್ಲಿತ್ತು, ತೆಗೆಸಿದೆವು ಎಂದುಬಿಟ್ಟಿದ್ದಾರೆ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, "ದಪ್ಪ ಇಳಿಸಾಕೆ ಹೊಟ್ಟೆ ಕುಯ್ಸಿದ್ರಂತೆ ಅಂದ್ರೆ ಜನ ಅಂಗಡಿ ಮುಂದೆ ನಿಂತ್ಕಂಡು ನಗ್ತಾರೆ ಕಣೆ. ಕಲ್ಲು ಅಂದ್ರೆ ಒಂದು ಮರ್ಯಾದೆ ಐತೆ" ಎಂದರು. ಕಲ್ಲಿಗಿರುವ ಮರ್ಯಾದೆ ನನ್ನ ಹೊಟ್ಟೆಗಿಲ್ಲ ನೋಡಿ.

ಕಲ್ಲು ಎಂದ ಮೇಲೆ ನೋಡಲು ಬಂದವರು ತೋರಿಸಿ ಎನ್ನುತ್ತಾರಲ್ಲ. ಆಪರೇಷನ್ ಆದವರು ತಮ್ಮ ಕಲ್ಲನ್ನು ಬಾಟಲಿಯಲ್ಲಿ ತಂದಿಟ್ಟುಕೊಂಡು ಬಂದವರಿಗೆಲ್ಲ ತೋರಿಸುವುದು ನಮ್ಮ ಕಡೆ ಇದ್ದದ್ದೇ. ಯಜಮಾನರು ಎಲ್ಲಿಂದಲೋ ನಾಲ್ಕು ಕಲ್ಲು ಹುಡುಕಿ ತಂದು ಮಾತ್ರೆಯ ಬಾಟಲಿಗೆ ಹಾಕಿ ಷೋಕೇಸಿನಲ್ಲಿ ಇಟ್ಟಿದ್ದಾರೆ. ಬಂದವರು ಅದನ್ನು ಬೆಳಕಿಗೆ ಹಿಡಿದು "ಅಯ್ಯೋ ಶಿವನೇ, ಇಷ್ಟು ದಿನ ಹೆಂಗೆ ತಡ್ಕಂಡಿದ್ರಿ?" ಎಂದು ಮರುಗಿ, ಬಾಣಂತಿಗೆ ಕೊಡುವ ಹಾಗೆ ಅಂಟಿನುಂಡೆಯ ಡಬ್ಬಿಯನ್ನು ನನ್ನ ಮಡಿಲಿಗೆ ಇಡುತ್ತಾರೆ. ತುಪ್ಪದ ಘಮ ಮೂಗಿಗೆ ಹೊಡೆಯುತ್ತದೆ. ಒಂದು ಉಂಡೆ ತಿಂದರೆ ಏನಾದೀತು ಎಂದು ಎಷ್ಟು ಸಲ ಅನ್ನಿಸಿದೆಯೋ ಲೆಕ್ಕವಿಲ್ಲ.

ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ನಮ್ಮ ಮನೆಯಲ್ಲಿ ಅಕ್ಕಿ ಅಳೆಯುವಾಗ ಮನೆಯವರಿಗೆ ಬೇಕಾದಷ್ಟು ಹಾಕಿ, ಅದರ ಮೇಲೆ ಒಂದು ಪಾವು ಹೆಚ್ಚಿಗೆ ಹಾಕುತ್ತೇವೆ. ಅದು ಬಂದವರ ಪಾಲು. ಜಂಗಮರೋ ದಾರಿಹೋಕರೋ ಹೇಳದೆ ಬಾಗಿಲಿಗೆ ಬಂದರೆ ಇಲ್ಲ ಎನ್ನಬಾರದೆಂದು ನಮ್ಮ ಅತ್ತೆಯ ಅತ್ತೆಯ ಕಾಲದಿಂದ ನಡೆದುಬಂದದ್ದು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಸಂತೆಯ ದಿನ ಆ ಪಾಲು ಸಾಲುತ್ತಲೇ ಇರಲಿಲ್ಲ. ಈಗ ಮಂಗಳೂರು ರಸ್ತೆಯ ಉದ್ದಕ್ಕೂ ಹೋಟೆಲುಗಳು, ಊಟಕ್ಕೆಂದು ನಮ್ಮ ಮನೆ ಹುಡುಕಿಕೊಂಡು ಯಾರೂ ಬರುವುದಿಲ್ಲ. ಪಾಲು ಮಾತ್ರ ದಿನವೂ ಬೇಯುತ್ತದೆ. ಮನೆಯಲ್ಲಿ ಬೆಂದದ್ದೆಲ್ಲ ಪ್ರಸಾದ. ಒಂದಗುಳು ಚೆಲ್ಲಬಾರದು, ತಂಗಳು ಮಾಡಬಾರದು, ಉಂಡ ತಟ್ಟೆಗೆ ನೀರು ಬಿಟ್ಟು ತೊಳೆದು ಆ ನೀರನ್ನೂ ಕುಡಿಯಬೇಕು. ಬಾರದವರ ಪಾಲನ್ನು ಮನೆಯ ಹೆಂಗಸೇ ಮುಗಿಸಬೇಕೆಂಬುದು ನಮ್ಮ ಅತ್ತೆ ಭದ್ರಮ್ಮನವರ ಕಟ್ಟಳೆ. ಹೀಗೆ ಎಲ್ಲರೂ ಎದ್ದ ಮೇಲೆ ಅಡುಗೆಮನೆಯ ಸ್ಟೂಲಿನಲ್ಲಿ ಕೂತು ನನ್ನ ಊಟ ಮುಗಿಸಿ, ಆಮೇಲೆ ಬಾರದವರ ಊಟವನ್ನೂ ಮುಗಿಸುತ್ತ ಬಂದೆ. ಇಷ್ಟು ಮೈ ಹೇಗೆ ಬಂತಮ್ಮ ಎಂದು ಬೆಂಗಳೂರಿನ ಡಾಕ್ಟರು ಕೇಳಿದಾಗ ಇದನ್ನು ಹೇಗೆ ಹೇಳುವುದೆಂದು ತಿಳಿಯದೆ, ವಂಶದಲ್ಲಿದೆ ಎಂದೆ.

ಗಂಜಿಯ ಪಥ್ಯ ಇದ್ದಷ್ಟು ದಿನ ಆ ಪಾಲನ್ನು ಕೆಲಸದ ಚೌಡಮ್ಮ ಉಂಡಳು. ನಿನ್ನೆ ಅತ್ತೆ, "ಕಲ್ಲು ತೆಗ್ಸಿ ತಿಂಗ್ಳಾತಲ್ಲ, ಇನ್ನು ಮನೆ ಪ್ರಸಾದ ನೀನೇ ಮುಗ್ಸವ್ವ" ಎಂದಿದ್ದಾರೆ. ಒಲೆಯ ಪಕ್ಕ ಮುಚ್ಚಿಟ್ಟ ಆ ಪಾತ್ರೆಯನ್ನು ಕಂಡರೆ ಈಗ ನನಗೆ ಹೆದರಿಕೆ. ನಿಮ್ಮ ಮನೆಯಲ್ಲಿ ಹೇಗೆ ಸಂಭಾಳಿಸುತ್ತಿದ್ದೀರಿ? ಬರೆಯಿರಿ.

ನಿಮ್ಮ
ಕಲ್ಯಾಣಮ್ಮ


ಮಾರನಹಳ್ಳಿ
24 ಮಾರ್ಚ್ 2008

ಕಲ್ಯಾಣಕ್ಕನಿಗೆ ಗಂಗಾಮಣಿಯ ನಮಸ್ಕಾರ.

ನಿಮ್ಮ ಕಾಗದ ಒಂದು ಗಂಟೆಯ ದಾರಿಗೆ ಒಂದು ವಾರ ತೆಗೆದುಕೊಂಡಿದೆ. ಮೈ ಇಳಿಸಿಕೊಳ್ಳಲು ಅದೂ ನಡೆದುಕೊಂಡೇ ಬಂದಿರಬೇಕು.

ಮೊದಲು ಈ ನೀವು, ತಾವು ಬಿಡಿ. ನಾನು ನಿಮಗಿಂತ ಹತ್ತು ವರ್ಷ ಚಿಕ್ಕವಳು. ಅದೂ ಅಲ್ಲದೆ, ಬೆನ್ನು ಕಾಣುವ ಆಸ್ಪತ್ರೆ ಗೌನು ಹಾಕಿಕೊಂಡು ಒಬ್ಬರ ಮುಂದೊಬ್ಬರು ಓಡಾಡಿದ ಮೇಲೆ ಬಹುವಚನ ಎಲ್ಲಿಂದ ಬಂತು?

ಕಲ್ಲಿನ ಬಾಟಲಿಯ ಕಥೆ ಓದಿ ನಕ್ಕಿದ್ದಕ್ಕೆ ಈ ಸಲ ಹೊಲಿಗೆ ನೋಯಿಸಿಕೊಂಡವಳು ನಾನು. ನಮ್ಮಲ್ಲಿ ಮುಚ್ಚುಮರೆ ಏನಿಲ್ಲ. ನಮ್ಮ ಯಜಮಾನರು ಸುಬ್ಬಯ್ಯನವರು ಬಸ್ಸಿನ ಕಂಡಕ್ಟರಿಗೂ, "ನಮ್ಮ ಮನೆಯವ್ಳ ಹೊಟ್ಟೆ ಈಗ ಕೋಳಿ ಮೊಟ್ಟೆ ಅಷ್ಟೇಯ ಮಾರಾಯ, ಅರ್ಧ ಟಿಕೆಟ್ ಕೊಡು" ಎಂದಿದ್ದಾರೆ. ನೀವು ಮೊಟ್ಟೆ ಮುಟ್ಟದವರು, ನಿಂಬೆಹಣ್ಣು ಎನ್ನಿ. ಊರಿನವರು ಒಂದು ವಾರ ನಕ್ಕರು, ಆಮೇಲೆ ಕಾಫಿ ರೇಟಿನ ಕಡೆ ತಿರುಗಿದರು. ನಗು ಅಷ್ಟೇ ದಿನ ಇರುವುದು, ನಿಮ್ಮೆಜಮಾನರಿಗೆ ಹೇಳಿ.

ನನ್ನ ಕಷ್ಟ ಬೇರೆ. ನಾವು ಗಂಡ ಹೆಂಡತಿ ಸಂಜೆ ಊಟಕ್ಕೆ ಕೂತರೆ ಏಳುವುದಕ್ಕೆ ಎರಡು ಗಂಟೆ ಬೇಕಿತ್ತು. ಬಿಸಿ ಕಡುಬು ಮುರಿದು ಹಂದಿ ಸಾರಿಗೆ ಅದ್ದುತ್ತ (ಕ್ಷಮಿಸಿ ಅಕ್ಕ, ಕಾಗದಕ್ಕೆ ವಾಸನೆ ಬಂದಿರಲಾರದು) ತೋಟದ ಮಾತು, ನೆಂಟರ ಮಾತು, ಜಗಳ, ರಾಜಿ ಎಲ್ಲ ಅಲ್ಲೇ ಆಗುತ್ತಿತ್ತು. ಮಿಕ್ಕ ಹೊತ್ತು ಅವರು ತೋಟದಲ್ಲಿ, ನಾನು ಮನೆಯಲ್ಲಿ. ಈಗ ನನ್ನ ಅರ್ಧ ಲೋಟ ಬೇಳೆಕಟ್ಟು ಹತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ. ಅವರು, "ನಿನ್ನ ಮುಂದೆ ತಿನ್ನಾಕೆ ಮನಸ್ಸು ಬರಲ್ಲ ಕಣೆ" ಎಂದು ತಟ್ಟೆ ಎತ್ತಿಕೊಂಡು ಟೀವಿ ಮುಂದೆ ಹೋಗಿ ಕೂರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೋಗುತ್ತಾರೆ, ಅದಕ್ಕೇ ಬೈಯುವುದಕ್ಕೂ ಆಗುವುದಿಲ್ಲ.

ನಿಮ್ಮ ಪಾಲಿನ ಪಾತ್ರೆಗೆ ನನ್ನ ಉಪಾಯ ಕೇಳಿ. ಕೊಟ್ಟಿಗೆಯಲ್ಲಿ ಹಸು ಇದೆಯಲ್ಲ, ಅದಕ್ಕೆ ಹಾಕಿ. ಹಸುವೂ ಹೆಣ್ಣೇ, ನಿಮ್ಮ ಮನೆಯದೇ. ಭದ್ರಮ್ಮನವರ ಕಟ್ಟಳೆ ಮುರಿದ ಹಾಗೂ ಆಗಲಿಲ್ಲ.

ನನ್ನ ಬಗ್ಗೆ ಯೋಚನೆ ಬೇಡ. ಬಾಯಿ ಬೇಜಾರಾದಾಗ ಕುಡಿಯಲು ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ ಮಾಡಿಟ್ಟುಕೊಂಡಿರುತ್ತೇನೆ. ನೀರೇ ತಾನೆ, ಹೊಟ್ಟೆಗೆ ಭಾರವಿಲ್ಲ.

ನಿಮ್ಮ ತಂಗಿ
ಗಂಗಾಮಣಿ


ಬಾಳ್ಳುಪೇಟೆ
19 ಮೇ 2008

ಗಂಗಾಮಣಿ,

ನೀನು ಹೇಳಿದ ಹಾಗೆ ಬಹುವಚನ ಬಿಟ್ಟಿದ್ದೇನೆ. ಬದುಕಿದ್ದೇನೆ ಎಂದು ಮೊದಲು ಬರೆದುಬಿಡುತ್ತೇನೆ, ಆಮೇಲೆ ಮಿಕ್ಕದ್ದು.

ನಿನ್ನ ಹಸುವಿನ ಉಪಾಯ ಒಂದು ವಾರ ನಡೆಯಿತು. ಅತ್ತೆ ನೋಡಿಬಿಟ್ಟರು. ಬೈಯಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಮನುಷ್ಯರಿಗೆ ಅಂತ ಇಟ್ಟಿದ್ದು ಕಣವ್ವ ಅದು" ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬಸವ ಜಯಂತಿಯ ದಿನ ಒಬ್ಬಟ್ಟು ಮಾಡಿದೆವು. ಬಂದವರ ಪಾಲಿನ ಒಬ್ಬಟ್ಟು, ಅನ್ನ, ಒಬ್ಬಟ್ಟಿನ ಸಾರು ಎಲ್ಲ ಪಾತ್ರೆಯಲ್ಲಿ ಉಳಿಯಿತು. ಎಲ್ಲರೂ ಮಲಗಿದ್ದ ಮಧ್ಯಾಹ್ನ, ಅಡುಗೆಮನೆಯಲ್ಲಿ ನಾನೊಬ್ಬಳೇ. ಪ್ರಸಾದ ಚೆಲ್ಲಬಾರದೆಂದು ಉಂಡೆ ಎಂದು ಎಲ್ಲರಿಗೂ ಹೇಳಿದ್ದೇನೆ. ನಿನಗೆ ಮಾತ್ರ ಹೇಳುತ್ತೇನೆ, ಅದಷ್ಟೇ ಅಲ್ಲ. ಮೊದಲ ಚೂರು ಬಾಯಿಗಿಟ್ಟಾಗ ಕಣ್ಣಲ್ಲಿ ನೀರು ಬಂತು. ಮೂರು ತಿಂಗಳ ಮೇಲೆ ಒಬ್ಬಟ್ಟಿನ ರುಚಿ, ಗಂಗಾಮಣಿ! ಅಷ್ಟಕ್ಕೇ ಕೈ ತೊಳೆದಿದ್ದರೆ ಆಗಿತ್ತು. ಪಾತ್ರೆ ಖಾಲಿಯಾಗುವ ತನಕ ಉಂಡೆ, ತಟ್ಟೆ ತೊಳೆದ ನೀರನ್ನೂ ರೂಢಿಯಂತೆ ಕುಡಿದೆ. ಊಟದ ಜೊತೆ ನೀರು ಮುಟ್ಟಬೇಡಿ ಎಂದು ಆಸ್ಪತ್ರೆಯಲ್ಲಿ ನಮ್ಮಿಬ್ಬರಿಗೂ ಎಷ್ಟು ಸಲ ಹೇಳಿದ್ದರು.

ಸ್ವಲ್ಪ ಹೊತ್ತಿಗೇ ಎದೆಯ ಕೆಳಗೆ ಚೂರಿ ಹಾಕಿ ತಿರುವಿದಂಥ ನೋವು. ಮೈಯೆಲ್ಲ ಬೆವರು, ವಾಂತಿ. ಮೃತ್ಯುಂಜಯ ಜೀಪು ಮಾಡಿಕೊಂಡು ಹಾಸನಕ್ಕೆ ಕರೆದೊಯ್ದ. ಅಲ್ಲಿಯ ಡಾಕ್ಟರು ಹಿಂದೆ ಏನಾದರೂ ಆಪರೇಷನ್ ಆಗಿದೆಯೇ ಎಂದು ಕೇಳಿದರು. ನಮ್ಮ ಯಜಮಾನರು ಒಂದು ಕ್ಷಣವೂ ತಡಮಾಡದೆ, "ಪಿತ್ತಕೋಶದ ಕಲ್ಲು ತೆಗ್ಸಿದ್ವಿ ಸಾರ್" ಎಂದರು! ಊರಿಗೆ ಹೇಳಿ ಹೇಳಿ ಅವರ ನಾಲಿಗೆಗೇ ಅಭ್ಯಾಸವಾಗಿಬಿಟ್ಟಿದೆ. ಡಾಕ್ಟರು ನನ್ನ ಹೊಟ್ಟೆಯೊಳಕ್ಕೆ ನಳಿಗೆ ಇಳಿಸಲು ಸಿದ್ಧ ಮಾಡುತ್ತಿದ್ದರು. ಹೊಲಿಗೆ ಇದೆಯೆಂದು ತಿಳಿಯದೆ ಇಳಿಸಿದ್ದರೆ ಏನಾಗುತ್ತಿತ್ತೋ. ನಾನು ಡಾಕ್ಟರ ಕೋಟು ಹಿಡಿದು ಎಳೆದು, "ಕಲ್ಲಲ್ಲ ಸಾರ್, ಹೊಟ್ಟೆನೇ ಸಣ್ಣದು ಮಾಡವ್ರೆ" ಎಂದೆ. ಅವರು ಬೆಂಗಳೂರಿಗೆ ಫೋನು ಮಾಡಿ ವಿಚಾರಿಸಿಕೊಂಡು ಮುಂದುವರಿದರು. ಹೊಲಿಗೆ ಬಿಟ್ಟಿಲ್ಲ, ಆದರೆ ಇನ್ನೊಮ್ಮೆ ಹೀಗಾದರೆ ಬಿಡುತ್ತದೆ, ಬಿಟ್ಟರೆ ಜೀವಕ್ಕೇ ಅಪಾಯ ಎಂದು ಖಂಡಿತವಾಗಿ ಹೇಳಿದ್ದಾರೆ.

ಯಜಮಾನರು ಮನೆಗೆ ಬಂದು ತಾಯಿಗೆ, "ಇನ್ನೊಂದು ಕಲ್ಲು ಉಳ್ಕಂಡಿತ್ತಂತೆ ಕಣವ್ವ" ಎಂದರು. ಅತ್ತೆ ಅವರನ್ನೂ ನೋಡಿದರು, ನನ್ನನ್ನೂ ನೋಡಿದರು.

ಹಸಿವು ಹೊಟ್ಟೆಯಲ್ಲಿದ್ದರೆ ಡಾಕ್ಟರು ಕತ್ತರಿಸಿ ತೆಗೆಯಬಹುದಿತ್ತು. ನನ್ನದು ಎಲ್ಲಿದೆಯೆಂದೇ ಗೊತ್ತಾಗುತ್ತಿಲ್ಲ.

ಕಲ್ಯಾಣಕ್ಕ


ಮಾರನಹಳ್ಳಿ
2 ಜೂನ್ 2008

ಅಕ್ಕ,

ನಿಮ್ಮ ಕಾಗದ ಓದಿ ನಿಮಗೆ ಬೈಯಬೇಕೆಂದೇ ಕೂತೆ, ಅರ್ಧ ಹಾಳೆ ಬೈದು ಹರಿದು ಹಾಕಿದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಿಮ್ಮ ಮನೆಯಲ್ಲಿ ನೀವು ಊಟ ಬಲ್ಲವರಲ್ಲ, ನಿಮ್ಮೆಜಮಾನರು ಮಾತು ಬಲ್ಲವರಲ್ಲ.

ಭದ್ರಮ್ಮನವರಿಗೆ ನಿಜ ಹೇಳಿಬಿಡಿ. ಅವರು ಪಾಲು ಉಣ್ಣೆನ್ನುತ್ತಿರುವುದು ಕಲ್ಲು ತೆಗೆಸಿದ ಸೊಸೆಗೆ, ನಿಮಗಲ್ಲ. ಹೇಳದೆ ಇದ್ದರೆ ಪಾಪ ಅವರಿಗೆ ಹೇಗೆ ತಿಳಿಯಬೇಕು? ನಕ್ಕರೆ ನಗಲಿ. ಪಾದ ಉಳಿಯುತ್ತದೆ.

ನಾನು ಚೆನ್ನಾಗಿದ್ದೇನೆ. ಮಳೆ ಹಿಡಿದಿದೆ, ಕರೆಂಟಿಲ್ಲ. ಟೀವಿ ಇಲ್ಲದಿದ್ದರೂ ಅವರು ತಟ್ಟೆ ಹಿಡಿದು ಅಲ್ಲೇ ಹೋಗಿ ಕೂರುತ್ತಾರೆ.

ಗಂಗಾಮಣಿ


ಬಾಳ್ಳುಪೇಟೆ
20 ಆಗಸ್ಟ್ 2008

ಗಂಗಾಮಣಿ,

ಜುಲೈನಲ್ಲಿ ಎರಡು ಕಾಗದ ಬರೆದೆ. ಒಂದಕ್ಕೂ ಉತ್ತರವಿಲ್ಲ. ಘಾಟಿಯಲ್ಲಿ ಮಣ್ಣು ಕುಸಿದು ಟಪಾಲು ತಡವಾಗಿದೆ ಎಂದುಕೊಂಡಿದ್ದೆ. ಹೋದ ವಾರ ಆರು ತಿಂಗಳ ತಪಾಸಣೆಗೆಂದು ಬೆಂಗಳೂರಿಗೆ ಹೋದೆ. ನಮ್ಮಿಬ್ಬರಿಗೂ ಒಂದೇ ದಿನ ಹೇಳಿದ್ದರಲ್ಲ, ನೀನು ಬರುತ್ತೀಯೆಂದು ಬಾಗಿಲು ನೋಡುತ್ತ ಕೂತಿದ್ದೆ. ನರ್ಸಮ್ಮ ಹೇಳಿದಳು, ಹಾಸನದ ಗಲಾಟೆಯಲ್ಲಿ ನಾನು ತಪ್ಪಿಸಿಕೊಂಡ ಮೂರು ತಿಂಗಳ ತಪಾಸಣೆಗೆ ನೀನೂ ಬಂದಿರಲಿಲ್ಲವಂತೆ.

ನನ್ನ ಸುದ್ದಿ ಹೇಳಬೇಕೆಂದರೆ, ಸಕ್ಕರೆ ಹತೋಟಿಗೆ ಬಂದಿದೆ, ಕಾಲಿನ ಗಾಯ ಒಣಗಿದೆ. ಮೊನ್ನೆ ಬೆಳಿಗ್ಗೆ ಯಾರೂ ಇಲ್ಲದಾಗ ಗೋಡೆ ಹಿಡಿದುಕೊಂಡು ನೆಲಕ್ಕೆ ಕೂತು ನೋಡಿದೆ. ಕಾಲು ಮಡಚಿ ಚಕ್ಕಂಬಟ್ಟೆ ಹಾಕಲು ಬಂತು. ಎಷ್ಟು ವರ್ಷದ ಮೇಲೆ ನೆಲದಲ್ಲಿ ಕೂತು ಲಿಂಗಪೂಜೆ ಮಾಡಿದೆ. ಇದನ್ನು ಹೇಳಲು ನಿನ್ನನ್ನು ಬಿಟ್ಟರೆ ಯಾರೂ ನೆನಪಾಗಲಿಲ್ಲ.

ಅತ್ತೆಗೆ ಇನ್ನೂ ನಿಜ ಹೇಳಿಲ್ಲ. ಬಾಯಿಗೆ ಬರುತ್ತದೆ, ಹೊರಗೆ ಬರುವುದಿಲ್ಲ. ಆದರೆ ಒಂದು ವಿಚಿತ್ರ. ಹಾಸನದಿಂದ ಬಂದ ಮೇಲೆ ನಾನು ಅಡುಗೆಮನೆಗೆ ಹೋಗುವಷ್ಟರಲ್ಲಿ ಬಂದವರ ಪಾಲಿನ ಪಾತ್ರೆ ಖಾಲಿಯಾಗಿ ತೊಳೆದು ಬೋರಲು ಹಾಕಿರುತ್ತದೆ. ಮೃತ್ಯುಂಜಯನನ್ನು ಕೇಳಿದರೆ ನಾನಲ್ಲ ಎಂದ. ಚೌಡಮ್ಮನೇ ಇರಬೇಕು ಎಂದು ಸುಮ್ಮನಿದ್ದೇನೆ.

ನೀನು ಹೇಗಿದ್ದೀಯ? ಒಂದು ಸಾಲು ಬರೆ. ತಮಾಷೆ ಮಾಡದೆ ಬರೆ.

ಕಲ್ಯಾಣಕ್ಕ


ಮಾರನಹಳ್ಳಿ
15 ಸೆಪ್ಟೆಂಬರ್ 2008

ಅಕ್ಕ,

ತಮಾಷೆ ಮಾಡದೆ ಬರೆ ಎಂದಿರಿ, ಅದಕ್ಕೇ ಇಷ್ಟು ದಿನ ಹಿಡಿಯಿತು.

ಬೆಲ್ಲದ ಕಾಫಿ ಈಗ ಪಾಯಸವಾಗಿದೆ. ಅಕ್ಕಿಯನ್ನು ನುಣ್ಣಗೆ ರುಬ್ಬಿ, ಕಾಯಿಹಾಲು ಬೆಲ್ಲ ಹಾಕಿ, ತೆಳ್ಳಗೆ ಮಾಡಿ ಫ್ಲಾಸ್ಕಿಗೆ ತುಂಬಿಸುತ್ತೇನೆ. ಗುಟುಕು ಗುಟುಕಾಗಿ ಇಳಿದುಹೋಗುತ್ತದೆ. ಗಟ್ಟಿ ಊಟವನ್ನು ಹೊಟ್ಟೆ ತಡೆಯುತ್ತದೆ, ಇದನ್ನು ತಡೆಯುವುದಿಲ್ಲ. ಒಮ್ಮೊಮ್ಮೆ ಎದೆ ಡವಗುಟ್ಟಿ ಬೆವರು ಬರುತ್ತದೆ, ಅರ್ಧ ಗಂಟೆ ಮಲಗಿ ಎದ್ದು ಮತ್ತೆ ಕುಡಿಯುತ್ತೇನೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಇಳಿದಿದ್ದ ತೂಕದಲ್ಲಿ ಅರ್ಧ ವಾಪಸು ಬಂದಿದೆ. ಯಾವ ಮುಖ ಇಟ್ಟುಕೊಂಡು ಬೆಂಗಳೂರಿಗೆ ಬರಲಿ?

ಹಸಿವೆಯೆಂದು ಕುಡಿಯುವುದಿಲ್ಲ ಅಕ್ಕ. ಅವರು ಟೀವಿ ಮುಂದೆ ಕೂತು ಊಟ ಮಾಡುವಷ್ಟು ಹೊತ್ತು ನಾನೂ ಏನನ್ನಾದರೂ ಬಾಯಿಗೆ ಹಾಕಿಕೊಳ್ಳುತ್ತಿದ್ದರೆ, ನಾವಿಬ್ಬರೂ ಜೊತೆಗೆ ಉಣ್ಣುತ್ತಿದ್ದೇವೆ ಎನ್ನಿಸುತ್ತದೆ. ಇಷ್ಟೇ. ಹೇಳಿದರೆ ನಗೆಪಾಟಲು.

ನಿಮ್ಮ ಗಾಯ ಒಣಗಿತು ಎಂದು ಓದಿ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು. ಸದ್ಯಕ್ಕೆ ನನಗೆ ಕಾಗದ ಬರೆಯಬೇಡಿ.

ಗಂಗಾಮಣಿ


ಬಾಳ್ಳುಪೇಟೆ
11 ನವೆಂಬರ್ 2008

ಗಂಗಾಮಣಿ,

ಬರೆಯಬೇಡಿ ಎಂದಿದ್ದೆಯಲ್ಲ. ಎರಡು ತಿಂಗಳು ನಿನ್ನ ಮಾತು ಉಳಿಸಿದೆ. ಇವತ್ತು ಆಗುವುದಿಲ್ಲ.

ನಿನ್ನೆ ಕಾರ್ತಿಕ ಸೋಮವಾರ. ನಮ್ಮ ನಾದಿನಿ ಜಗದಾಂಬ ಅರಸೀಕೆರೆಯಿಂದ ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ನಡುಮನೆಯಲ್ಲಿ ಸಾಲಾಗಿ ಊಟಕ್ಕೆ ಕೂರುವಾಗ ನಾನೂ ಹೋಗಿ ನೆಲಕ್ಕೆ ಕೂತೆ. ಎಲ್ಲರೂ ಬಾಯಿ ಬಿಟ್ಟು ನೋಡಿದರು. ನನ್ನನ್ನು ಪಂಕ್ತಿಯಲ್ಲಿ ನೋಡಿ ಎಷ್ಟು ವರ್ಷವಾಗಿತ್ತೋ. ಜಗದಾಂಬ ಖುಷಿಯಿಂದ ತಾನೇ ಬಡಿಸಲು ನಿಂತಳು. ಬೇಡ ಬೇಡವೆಂದರೂ ಕೇಳದೆ, "ಕಲ್ಲು ತೆಗ್ಸಿ ಎಂಗೆ ಸೊರಗಿ ಹೋಗವ್ರೆ ನೋಡಿ ನಮ್ಮತ್ತಿಗೆ" ಎಂದು ಎರಡು ಒಬ್ಬಟ್ಟು, ಮೇಲೆ ತುಪ್ಪ, ಪಕ್ಕಕ್ಕೆ ಅನ್ನದ ಗುಡ್ಡೆ.

ನಾಲ್ಕು ತುತ್ತಿಗೆ ಹೊಟ್ಟೆ ಸಾಕೆಂದಿತು. ಕೈ ನಿಂತಿತು. ಎಲ್ಲರ ಊಟವೂ ಮುಗಿಯುತ್ತ ಬಂತು, ತಟ್ಟೆ ತೊಳೆದು ಕುಡಿಯುವ ಹೊತ್ತು. ನನ್ನ ತಟ್ಟೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಇದೆ. ನಿಜ ಹೇಳಲೇ, ಆ ತುಪ್ಪ ಹಾಕಿದ ಒಬ್ಬಟ್ಟು ಬೇಡವಾಗಿತ್ತು ಎಂದೇನಲ್ಲ. ಇನ್ನೊಂದು ಚೂರು, ಇನ್ನೊಂದು ಚೂರು ಎಂದು ಕೈ ತಾನಾಗಿ ಹೋಗುತ್ತಿತ್ತು. ಹಾಸನದ ಆ ನೋವು ನೆನಪಾಯಿತು. ನೀನೂ ನೆನಪಾದೆ. ಜಗದಾಂಬ, "ಯಾಕತ್ತಿಗೆ? ಪ್ರಸಾದ ಬಿಡ್ತೀರಾ?" ಎಂದಳು. ಮಕ್ಕಳು ಕೂಡ ತಿರುಗಿ ನೋಡಿದವು. ಯಜಮಾನರು ತಲೆ ಎತ್ತಲಿಲ್ಲ.

ನಾನು ಕೈ ಹಿಂದಕ್ಕೆ ತೆಗೆದುಕೊಂಡು, "ನಂಗೆ ಕಲ್ಲೂ ಇರ್ಲಿಲ್ಲ, ಏನೂ ಇರ್ಲಿಲ್ಲ. ಮೈ ಇಳಿಲಿ ಅಂತ ಹೊಟ್ಟೆ ಕುಯ್ದು ಸಣ್ಣದು ಮಾಡವ್ರೆ. ಇದ್ಕಿಂತ ಒಂದು ತುತ್ತು ಜಾಸ್ತಿ ಉಂಡ್ರೆ ನಾನು ಉಳಿಯಾಕಿಲ್ಲ" ಎಂದೆ. ಅಷ್ಟೂ ಜನರ ಮುಂದೆ, ನಡುಮನೆಯಲ್ಲಿ, ಆ ಫೋನಿನ ಗೂಡಿನ ಎದುರಿಗೇ ಹೇಳಿದೆ.

ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ದರು. ಎಂಬತ್ತು ದಾಟಿದ ಜೀವ, ವಿಭೂತಿ ಹಚ್ಚಿದ ಕೈ. ಆ ಕೈ ಚಾಚಿ ನನ್ನ ತಟ್ಟೆಯನ್ನು ತಮ್ಮ ಮುಂದಕ್ಕೆ ಎಳೆದುಕೊಂಡರು. ಸೊಸೆ ಉಂಡು ಬಿಟ್ಟ ಅನ್ನಕ್ಕೆ ಕೈ ಹಾಕಿ ಕಲಸತೊಡಗಿದರು.

ಜಗದಾಂಬ, "ಅವ್ವ! ಸೊಸೆ ಎಂಜ್ಲು!" ಎಂದು ಕಿರುಚಿದಳು.

"ಪ್ರಸಾದಕ್ಕೆಂಥ ಎಂಜ್ಲು? ಸುಮ್ನಿರು" ಎಂದು ಅತ್ತೆ ತುತ್ತು ಬಾಯಿಗಿಟ್ಟರು. ನಿಧಾನವಾಗಿ ಅಷ್ಟನ್ನೂ ಉಂಡರು. ನಾನು ಅಳುತ್ತಿದ್ದೆ. ನನ್ನ ತಟ್ಟೆಗೆ ತಮ್ಮ ಲೋಟದ ನೀರು ಬಿಟ್ಟು, ತೊಳೆದು, ಎತ್ತಿ ಕುಡಿದರು. ಆಮೇಲೆ ಮಗನ ಕಡೆ ತಿರುಗಿ, "ಲೋ ಏಕಾಂತ, ಆ ಬಾಟ್ಲಿ ಕಲ್ಲು ನಾನು ಅಕ್ಕೀಲಿ ಆರ್ಸಿ ಕಿಟಕೀಲಿ ಇಟ್ಟಿದ್ದು ಕಣೋ. ನಂಗೆ ಗೊತ್ತಾಗಾಕಿಲ್ವ? ಹೇಳ್ಲಿ, ಹೇಳ್ಲಿ ಅಂತ ಕಾಯ್ತಾ ಇದ್ದೆ" ಎಂದರು.

ಹಾಸನದಿಂದ ಬಂದಾಗಿನಿಂದ ಬಂದವರ ಪಾಲನ್ನು ಉಣ್ಣುತ್ತಿದ್ದದ್ದು ಚೌಡಮ್ಮ ಅಲ್ಲ. ಇವರು. ಹಲ್ಲಿಲ್ಲದ ಬಾಯಿ, ರಾತ್ರಿಯ ಊಟ ಬಿಟ್ಟು, ಮಧ್ಯಾಹ್ನದ ಆ ಪಾಲನ್ನು ಎರಡು ಹೊತ್ತಿಗೆ ಮಾಡಿಕೊಂಡು ಮುಗಿಸುತ್ತಿದ್ದರಂತೆ. ನಿಮಗೇಕೆ ಈ ಕಷ್ಟ ಅತ್ತೆ ಎಂದು ಕೇಳಿದ್ದಕ್ಕೆ, "ಮನೆ ಹೆಂಗಸು ಮುಗ್ಸಬೇಕು ಅಂದೋಳು ನಾನು. ನಾನೂ ಈ ಮನೆ ಹೆಂಗ್ಸೇ ಅಲ್ವಾ?" ಎಂದರು. ಆಮೇಲೆ, "ನಾಳೆ ತಟ್ಟೇಲಿ ಬಿಡೋ ಹಂಗಿದ್ರೆ ಮೆತ್ತಗಿರೋದ್ನ ಬಿಡವ್ವ. ಒಬ್ಬಟ್ಟಿನ ಅಂಚು ಅಗಿಯಾಕಾಗಾಕಿಲ್ಲ" ಎಂದರು. ಎಲ್ಲರೂ ನಕ್ಕರು. ಯಜಮಾನರು ಮಾತ್ರ ಎದ್ದು ಹೋಗಿ ಷೋಕೇಸಿನ ಬಾಟಲಿ ತೆಗೆದು ಅಂಗಳಕ್ಕೆ ಸುರಿದು ಬಂದರು. ಬಂದು ನನ್ನ ಹತ್ತಿರ ನಿಂತರು.

ಇವತ್ತು ಬೆಳಿಗ್ಗೆ ಅಕ್ಕಿ ಅಳೆಯುವಾಗ ಅತ್ತೆ ಹತ್ತಿರ ಬಂದು ಪಾವನ್ನು ನನ್ನ ಕೈಯಿಂದ ತೆಗೆದುಕೊಂಡರು. ಪಾಲು ನಿಲ್ಲಬಾರದು, ಆದರೆ ಪಾವು ಬೇಡ, ಒಂದು ಹಿಡಿ ಸಾಕು ಎಂದರು. ಒಂದು ಹಿಡಿಗೆ ಯಾರ ಹೊಟ್ಟೆ ತುಂಬುತ್ತದೆ ಅತ್ತೆ ಎಂದೆ. "ನಿನ್ನಂಗೆ ಯಾರಾದ್ರೂ ಇದ್ರೆ ಬರ್ಲಿ" ಎಂದರು. ಆಗಲೇ ಈ ಕಾಗದ ಬರೆಯಬೇಕೆನ್ನಿಸಿದ್ದು.

ನಿನಗೆ ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ ನಾನು, ಪಾತ್ರೆ ಖಾಲಿ ಮಾಡಿ ಹಾಸನಕ್ಕೆ ಹೋದವಳು. ಒಂದು ಮಾತು ಮಾತ್ರ ಹೇಳುತ್ತೇನೆ. ನನಗೆ ಅತ್ತೆಗೆ ಹೇಳು ಎಂದೆಯಲ್ಲ, ನೀನು ಸುಬ್ಬಯ್ಯನವರಿಗೆ ಹೇಳಿದ್ದೀಯಾ? ನೀವು ತಟ್ಟೆ ಎತ್ತಿಕೊಂಡು ಹೋಗಬೇಡಿ, ನನ್ನ ಮುಂದೆ ಕೂತು ಉಣ್ಣಿ ಎಂದು? ಹೇಳದೆ ಇದ್ದರೆ ಪಾಪ ಅವರಿಗೆ ಹೇಗೆ ತಿಳಿಯಬೇಕು? ಇದು ನಿನ್ನದೇ ಮಾತು, ನನ್ನದಲ್ಲ.

ತೂಕ ಎಷ್ಟಾದರೂ ಬಂದಿರಲಿ. ಮುಂದಿನ ತಿಂಗಳು ಬೆಂಗಳೂರಿಗೆ ಇಬ್ಬರೂ ಒಟ್ಟಿಗೆ ಹೋಗೋಣ. ಅದಕ್ಕೆ ಮೊದಲು ಒಂದು ದಿನ ನಮ್ಮ ಮನೆಗೆ ಬಾ. ಒಂದು ಹಿಡಿ ಅಕ್ಕಿ ಹೆಚ್ಚಿಗೆ ಬೇಯುತ್ತಿದೆ.

ನಿನ್ನ
ಕಲ್ಯಾಣಕ್ಕ


ಮಾರನಹಳ್ಳಿ
24 ನವೆಂಬರ್ 2008

ಅಕ್ಕ,

ನಿಮ್ಮ ಕಾಗದವನ್ನು ಅವರಿಗೆ ಓದಿ ಹೇಳಿದೆ. ಭದ್ರಮ್ಮನವರು ನಿಮ್ಮ ತಟ್ಟೆ ಎಳೆದುಕೊಂಡ ಜಾಗಕ್ಕೆ ಬಂದಾಗ ಕಾಗದವನ್ನು ಅವರ ಕೈಗೆ ಕೊಟ್ಟುಬಿಟ್ಟೆ, ಮುಂದಿನದನ್ನು ಅವರೇ ಓದಿಕೊಂಡರು. ಕೊನೆಯ ಮಾತನ್ನೂ ಓದಿದರು. ಎದ್ದು ಹೊರಗೆ ಹೋದರು. ನಾನು ಬೇಜಾರಾಯಿತೇನೋ ಎಂದುಕೊಂಡೆ. ಸಂಜೆ ತಟ್ಟೆ ಹಿಡಿದು ಬಂದು ನನ್ನ ಎದುರಿಗೆ ಕೂತು, "ನಿಂಗೆ ಆಸೆ ಆಗ್ತದೆ ಅಂತ ಎದ್ದೋಗ್ತಿದ್ದೆ ಕಣೆ. ಅಲ್ಲಿ ಒಬ್ನೇ ಕೂತು ಉಂಡ್ರೆ ನಂಗೇನು ರುಚಿ ಹತ್ತುತ್ತಾ?" ಎಂದರು. ಹತ್ತು ತಿಂಗಳು ಅವರು ಆ ಕೋಣೆಯಲ್ಲಿ, ನಾನು ಈ ಕೋಣೆಯಲ್ಲಿ. ಇಬ್ಬರಿಗೂ ಬುದ್ಧಿಯಿರಲಿಲ್ಲ ಎಂದಾಯಿತು.

ಈಗ ಅವರು ಉಣ್ಣುತ್ತಾರೆ, ನಾನು ಮಾತಾಡುತ್ತೇನೆ. ಮೊದಲೂ ಹಾಗೇ ಇತ್ತು ಎನ್ನುತ್ತಾರೆ ಅವರು. ಸಾರಿನ ವಾಸನೆಗೆ ಬಾಯಲ್ಲಿ ನೀರೂರುವುದು ನಿಂತಿಲ್ಲ. ನಿಲ್ಲುವ ಲಕ್ಷಣವೂ ಇಲ್ಲ. ಫ್ಲಾಸ್ಕು ಅಟ್ಟ ಹತ್ತಿದೆ. ಎಷ್ಟು ದಿನವಾಯಿತು ಎಂದು ಕೇಳಬೇಡಿ, ಮಧ್ಯೆ ಒಂದು ಸಲ ಇಳಿದುಬಂದಿತ್ತು. ಬೆಂಗಳೂರಿಗೆ ಬರುತ್ತೇನೆ. ನರ್ಸಮ್ಮ ಬೈಯುವಾಗ ನೀವು ಪಕ್ಕದಲ್ಲಿರಬೇಕು.

ನಿಮ್ಮ ಮನೆಗೂ ಬರುತ್ತೇನೆ. ಯಾವ ದಿನ ಎಂದು ಮಾತ್ರ ಬರೆಯುವುದಿಲ್ಲ. ಹೇಳಿ ಬಂದರೆ ಅದು ನೆಂಟರ ಊಟ, ಬಂದವರ ಪಾಲಲ್ಲ. ಆ ಒಂದು ಹಿಡಿಯನ್ನು ದಿನವೂ ಹಾಕುತ್ತಿರಿ.

ನಿಮ್ಮ
ಗಂಗಾಮಣಿ